ಮುಂಡಕದ ನೆಂಟ, ವಿಯೆಟ್ನಾಮಿನ ಹಸಿರು ವಾಫಲ್



ಕುಂದಾಪುರದಿಂದ ಬೈಂದೂರಿಗೆ ಹೋಗುವ ಬಸ್ಸು ತ್ರಾಸಿ ದಾಟಿ ಮರವಂತೆಗೆ ಬಂದರೆ ಎಡಗಡೆ ಕೂತವರಿಗೆ ಕಡಲು, ಬಲಗಡೆ ಕೂತವರಿಗೆ ಸೌಪರ್ಣಿಕಾ ಹೊಳೆ. ಈ ಜಾಗದ ಪಟ ಕ್ಯಾಲೆಂಡರಿನಲ್ಲಿ ಬಂದಾಯಿತು, ಈಗ ಎಲ್ಲರ ಮೊಬೈಲಿನಲ್ಲೂ ಇದೆ. ಆದರೆ ಪಟ ತೆಗೆಯುವವರು ಯಾರೂ ಬೇಕೆಂದು ಹಿಡಿಯದ ಒಂದು ಗಿಡ ನಮ್ಮ ಕಡೆಯ ಹೊಳೆಯಂಚಿನಲ್ಲಿ, ತೋಡಿನ ಬದಿಯಲ್ಲಿ, ಗದ್ದೆಯ ಮೂಲೆಯಲ್ಲಿ ಇದೆ. ಕತ್ತಿಯಂಥ ಎಲೆ, ಎಲೆಯ ಎರಡೂ ಅಂಚಿಗೆ ಮುಳ್ಳು, ನಡುನರದ ಅಡಿಗೂ ಮುಳ್ಳು, ಕಾಂಡದಿಂದ ಇಳಿದು ನೆಲಕ್ಕೆ ಊರಿದ ಬೇರುಗಳು. ಅದೇ ಮುಂಡಕ. ದನ ಮೂಸುವುದಿಲ್ಲ, ಮಕ್ಕಳು ಹತ್ತಿರ ಹೋಗುವುದಿಲ್ಲ. ಅದರ ಬುಡದಲ್ಲಿ ಹಾವಿರುತ್ತದೆ ಎಂದು ಹಿರಿಯರು ಹೆದರಿಸಿಟ್ಟಿದ್ದಾರೆ.

ಇವತ್ತು ನಾನು ಮಾತಾಡಬೇಕೆಂದಿರುವುದು ವಿಯೆಟ್ನಾಮಿನ ಒಂದು ತಿಂಡಿಯ ಬಗ್ಗೆ. ಅದಕ್ಕೆ ಮುಂಡಕದಿಂದಲೇ ಹೊರಡಬೇಕು, ಏಕೆಂದರೆ ಆ ತಿಂಡಿಯ ಜೀವ ಇರುವುದು ಮುಂಡಕದ ಒಬ್ಬ ನೆಂಟನಲ್ಲಿ.

ಮುಂಡಕವನ್ನು ನಮ್ಮ ಕರಾವಳಿ ಮರೆಯದೆ ನೆನೆಯುವುದು ಅಷ್ಟಮಿಗೆ. ಉಡುಪಿಯಲ್ಲಿ ಕೃಷ್ಣಾಷ್ಟಮಿ, ಮರುದಿನ ವಿಟ್ಲಪಿಂಡಿ. ಆ ಹೊತ್ತಿಗೆ ಉಡುಪಿ, ಮಂಗಳೂರುಗಳ ಮಾರುಕಟ್ಟೆಯಲ್ಲಿ ಮುಂಡಕದ ಎಲೆಯ ಕೊಳವೆಗಳು ಕಟ್ಟುಕಟ್ಟಾಗಿ ಬಂದು ಕೂರುತ್ತವೆ. ಎಲೆ ಕೊಯ್ದು, ಮುಳ್ಳು ಸೀಳಿ ತೆಗೆದು, ಬೆಂಕಿಗೆ ಹಿಡಿದು ಬಾಡಿಸಿ, ಸುರುಳಿ ಸುತ್ತಿ, ತೆಂಗಿನ ಕಡ್ಡಿ ಚುಚ್ಚಿ ನಿಲ್ಲಿಸುವ ಕೆಲಸ. ಕೈಯಲ್ಲಿ ಗೀರು ಬೀಳದೆ ಅದನ್ನು ಕಲಿತವರಿಲ್ಲ. ಅದಕ್ಕೆ ಅಕ್ಕಿ, ಉದ್ದಿನ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸಿದರೆ ಮೂಡೆ. ಕುಂದಾಪುರದ ಬದಿಯಲ್ಲಿ ಹಲಸಿನೆಲೆಯ ಕೊಟ್ಟೆ ಕಡುಬಿಗೆ ಮರ್ಯಾದೆ ಹೆಚ್ಚು, ಅದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾಳೆ ಪೇಟೆಯಲ್ಲಿ ಯಾರಾದರೂ ನಿಲ್ಲಿಸಿ ಕೇಳಿಯಾರು. ನಾಗರಪಂಚಮಿಗೆ ಅರಿಶಿನ ಎಲೆಯ ಕಡುಬು ಬೇರೆ. ಮೂರರಲ್ಲೂ ಉಪಾಯ ಒಂದೇ: ಎಲೆಯ ಪರಿಮಳವನ್ನು ಹಬೆ ಹೊತ್ತು ಹಿಟ್ಟಿನೊಳಗೆ ಇಳಿಸುತ್ತದೆ. ಎಲೆಯನ್ನು ಬಿಚ್ಚಿ ಎಸೆಯುತ್ತೇವೆ, ವಾಸನೆ ಮಾತ್ರ ನಮ್ಮ ಹೊಟ್ಟೆಗೆ.

ಈಗ ನೆಂಟನ ವಿಷಯ. ಮುಂಡಕ, ಕೇದಗೆ ಇವೆಲ್ಲ ಪಾಂಡಾನಸ್ ಎಂಬ ಕುಲಕ್ಕೆ ಸೇರಿದವು. ಆ ಕುಲದಲ್ಲಿ ಸುಮಾರು 600 ಜಾತಿಗಳಿವೆ. ಕೇದಗೆಯ ಪರಿಮಳವೆಲ್ಲ ಹೂವಿನಲ್ಲಿ, ಅದೂ ಗಂಡುಹೂವಿನಲ್ಲಿ. ಬ್ರಹ್ಮನ ಪರವಾಗಿ ಸುಳ್ಳು ಸಾಕ್ಷಿ ಹೇಳಿ ಶಿವಪೂಜೆಯಿಂದ ಹೊರಬಿದ್ದ ಹೂವು ಅದು, ಹೆಂಗಸರ ಜಡೆಗೆ ಮಾತ್ರ ನಿಷೇಧವಾಗಲಿಲ್ಲ. ಆದರೆ ಇದೇ ಕುಲದಲ್ಲಿ ಒಂದು ಜಾತಿಗೆ ಎಲೆಯಲ್ಲೇ ಪರಿಮಳ. ಎಲೆ ಮೆತ್ತಗೆ, ತುದಿಯಲ್ಲಿ ಇದ್ದೂ ಇಲ್ಲದ ಹಾಗೆ ನಾಲ್ಕು ಮುಳ್ಳು, ಗಿಡ ಸೊಂಟದೆತ್ತರ. ಕಲ್ಕತ್ತದ ಸಸ್ಯೋದ್ಯಾನವನ್ನು ನೋಡಿಕೊಂಡ ವಿಲಿಯಂ ರಾಕ್ಸ್‌ಬರ್ಗ್ ಅದಕ್ಕೆ ಪಾಂಡಾನಸ್ ಅಮರಿಲ್ಲಿಫೋಲಿಯಸ್ ಎಂದು ಹೆಸರಿಟ್ಟ. ಆಗ್ನೇಯ ಏಷ್ಯಾದವರು ಪಾಂಡನ್ ಅನ್ನುತ್ತಾರೆ, ಶ್ರೀಲಂಕಾದವರು ರಂಪೆ ಅನ್ನುತ್ತಾರೆ, ಕೇರಳದಲ್ಲಿ ಬಿರಿಯಾನಿ ಕೈತ. ನಮ್ಮಲ್ಲಿ ಬಾಸ್ಮತಿ ಎಲೆ, ಅನ್ನಪೂರ್ಣ ಎಲೆ ಎಂದು ಮನೆಗೊಂದು ಹೆಸರು. ಎರಡು ಎಲೆ ಗಂಟುಕಟ್ಟಿ ಕುದಿಯುವ ಬೆಳ್ತಿಗೆ ಅನ್ನಕ್ಕೆ ಹಾಕಿದರೆ ಸಾದಾ ಅಕ್ಕಿಯೂ ಘಮಘಮ. ನೆಂಟರ ಎದುರು ದುಬಾರಿ ಅಕ್ಕಿ ತಂದವರ ಹಾಗೆ ನಟಿಸುವುದಕ್ಕೆ ಇದಕ್ಕಿಂತ ಅಗ್ಗದ ದಾರಿಯಿಲ್ಲ.

ಇದು ಬರೀ ಭ್ರಮೆಯಲ್ಲ. ಬಾಸ್ಮತಿ ಅಕ್ಕಿಯ ಘಮಕ್ಕೂ ಈ ಎಲೆಯ ಘಮಕ್ಕೂ ಮುಖ್ಯ ಕಾರಣ ಒಂದೇ ವಸ್ತು, ಅದರ ಹೆಸರು ಟು-ಅಸಿಟೈಲ್-ಒನ್-ಪೈರೊಲೀನ್. ಅಮೆರಿಕದ ರಾನ್ ಬಟ್ಟರಿ ಮತ್ತು ಫಿಲಿಪ್ಪೀನ್ಸಿನ ಅಕ್ಕಿ ಸಂಶೋಧನಾ ಸಂಸ್ಥೆಯ ಜೂಲಿಯಾನೊ ಅವರ ತಂಡ ಮೊದಲು ಅಕ್ಕಿಯಲ್ಲಿ, ಆಮೇಲೆ 1983ರಲ್ಲಿ ಪಾಂಡನ್ ಎಲೆಯಲ್ಲಿ ಅದನ್ನು ಗುರುತಿಸಿತು. ಬ್ರೆಡ್ಡಿನ ಕಂದು ಸಿಪ್ಪೆಯಲ್ಲೂ ಅದಿದೆ, ಹುರಿದ ಮೆಕ್ಕೆಜೋಳದ ಅರಳಿನಲ್ಲೂ ಇದೆ. ಹುಲಿ ತನ್ನ ಗಡಿ ಗುರುತಿಸಲು ಚಿಮ್ಮಿಸುವ ದ್ರವದಲ್ಲೂ ಇದೆ ಎಂದು ಬಂಗಾಳದ ವಿಜ್ಞಾನಿ ಆರ್. ಎಲ್. ಬ್ರಹ್ಮಚಾರಿ ತೋರಿಸಿದರು. ಕಾಡಿನಲ್ಲಿ ನಡೆಯುವಾಗ ಯಾರೂ ಅಡುಗೆ ಮಾಡದ ಜಾಗದಲ್ಲಿ ಬಿಸಿ ಬಾಸ್ಮತಿ ಅನ್ನದ ವಾಸನೆ ಬಂದರೆ ಊಟ ಯಾರದ್ದು ಎಂದು ಯೋಚಿಸುವುದು ಒಳ್ಳೆಯದು.

ಸರಿ, ತಿಂಡಿಗೆ ಬರೋಣ. ದಕ್ಷಿಣ ವಿಯೆಟ್ನಾಮಿನ ಬೀದಿಗಳಲ್ಲಿ ಬಾನ್ ಕೆಪ್ ಲಾ ಜುವಾ ಎಂಬ ವಾಫಲ್ ಮಾರುತ್ತಾರೆ. ಚೌಕ ಚೌಕ ಗುಳಿಯಿರುವ ಎರಡು ಕಬ್ಬಿಣದ ಹಲಗೆಗಳ ನಡುವೆ ಹಿಟ್ಟು ಹೊಯ್ದು ಅಮುಕಿ ಸುಟ್ಟದ್ದು. ಹೊರಗೆ ಗರಿಗರಿ, ಒಳಗೆ ಹಸಿರು, ಸ್ವಲ್ಪ ಅಂಟಂಟು. ವಾಫಲ್ ಯೂರೋಪಿನದು. ವಿಯೆಟ್ನಾಮನ್ನು 1954ರವರೆಗೆ ಫ್ರೆಂಚರು ಆಳಿದರು. ಬ್ರೆಡ್ಡನ್ನೂ ಕಾಫಿಯನ್ನೂ ಆ ಜನ ತಮ್ಮದೇ ಮಾಡಿಕೊಂಡ ಬಗೆ ನೋಡಿದರೆ ಈ ವಾಫಲಿನಲ್ಲಿ ಆಶ್ಚರ್ಯವೇನೂ ಇಲ್ಲ. ಹಸುವಿನ ಹಾಲಿನ ಬದಲು ತೆಂಗಿನ ಹಾಲು, ಗೋಧಿಯ ಜೊತೆಗೆ ಅಕ್ಕಿ ಮತ್ತು ಮರಗೆಣಸಿನ ಹಿಟ್ಟು, ವೆನಿಲ್ಲಾದ ಬದಲು ಪಾಂಡನ್ ಎಲೆ. ಪಟ್ಟಿ ಓದಿ ನೋಡಿ: ತೆಂಗು, ಅಕ್ಕಿ, ಮರಗೆಣಸು, ಎಲೆ. ಇದರಲ್ಲಿ ಮರವಂತೆಯ ಹಿತ್ತಲಲ್ಲಿ ಇಲ್ಲದ್ದು ಯಾವುದು?

ಇಲ್ಲದ್ದು ಕಬ್ಬಿಣದ ಅಚ್ಚು ಎಂದು ಹೇಳಬಹುದು. ಅದೂ ಪೂರ್ತಿ ನಿಜವಲ್ಲ. ಕುಂದಾಪುರ, ಗಂಗೊಳ್ಳಿಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ಸಿನ ಹಬ್ಬದ ತಿಂಡಿಗಳ ಕುಸ್ವಾರಿಗೆ ಕೊಕ್ಕಿಸಾಂ ಮಾಡುತ್ತಾರಲ್ಲ, ಗುಲಾಬಿ ಹೂವಿನ ಆಕಾರದ್ದು, ಅದರ ಹಿಟ್ಟಿಗೂ ತೆಂಗಿನ ಹಾಲು, ಮೊಟ್ಟೆ, ಸಕ್ಕರೆಯೇ. ಕಾದ ಅಚ್ಚನ್ನು ಹಿಟ್ಟಿಗೆ ಅದ್ದಿ ಎಣ್ಣೆಗೆ ಇಳಿಸುತ್ತಾರೆ. ಅಚ್ಚು ಸಾಕಷ್ಟು ಕಾಯದಿದ್ದರೆ ಹಿಟ್ಟು ಹಿಡಿಯುವುದಿಲ್ಲ, ಅತಿ ಕಾದರೆ ಹಿಟ್ಟು ಅಲ್ಲೇ ಬೆಂದು ಬಿಡಲೊಲ್ಲದು. ಕೊಕ್ಕಿಸಾಂ ಮಾಡಿ ಗೊತ್ತಿರುವವರಿಗೆ ವಾಫಲಿನ ಅರ್ಧ ವಿದ್ಯೆ ಕೈಯಲ್ಲಿದೆ.

ಕಬ್ಬಿಣ ಒಣ ಶಾಖದ್ದು, ಹಬೆಯದಲ್ಲ. ಎಲೆ ಸುತ್ತಿ ಪರಿಮಳ ಇಳಿಸುವ ನಮ್ಮ ಮೂಡೆಯ ಉಪಾಯ ಇಲ್ಲಿ ನಡೆಯುವುದಿಲ್ಲ, ಎಲೆಯನ್ನು ಅರೆದು ಹಿಟ್ಟಿಗೇ ಸೇರಿಸಬೇಕು. ಹಾಗಾದರೆ ಮುಂಡಕದ ಎಲೆಯನ್ನೇ ಅರೆಯಬಹುದಲ್ಲ ಎಂದು ಯಾರಾದರೂ ಕೇಳುವ ಮೊದಲು ಹೇಳುತ್ತೇನೆ, ಬೇಡ. ಅದು ನಾರು, ಅದರ ಮಂದ ಪರಿಮಳ ಹಬೆಗೆ ಮಾತ್ರ ಒಗ್ಗುವಂಥದ್ದು. ವಾಫಲಿಗೆ ಬಾಸ್ಮತಿ ಎಲೆಯೇ ಆಗಬೇಕು.

ಎಲೆ ಕೊಯ್ಯುವಾಗ ಜನ ಸಾಮಾನ್ಯವಾಗಿ ಎಳೆಯದನ್ನು ಕೊಯ್ಯುತ್ತಾರೆ, ನೋಡಲು ಚೆಂದ ಎಂದು. ಎಳೆ ಎಲೆಯಲ್ಲಿ ಹುಲ್ಲಿನ ವಾಸನೆ ಜಾಸ್ತಿ. ಕೆಳಗಿನ ಬಲಿತ, ಕಡುಹಸಿರು ಎಲೆಗಳಲ್ಲಿ ಘಮ ಗಟ್ಟಿ. ಹತ್ತು ಹನ್ನೆರಡು ಎಲೆ ತೊಳೆದು, ಕತ್ತರಿಯಿಂದ ಸಣ್ಣಗೆ ಕತ್ತರಿಸಿ, ಅರ್ಧ ಲೋಟ ನೀರಿನೊಂದಿಗೆ ಮಿಕ್ಸಿಯಲ್ಲಿ ರುಬ್ಬಿ ಬಟ್ಟೆಯಲ್ಲಿ ಹಿಂಡಿ. ಸಮಯವಿದ್ದರೆ ಆ ರಸವನ್ನು ಇಡೀ ರಾತ್ರಿ ಫ್ರಿಜ್ಜಿನಲ್ಲಿ ಅಲ್ಲಾಡಿಸದೆ ಇಡಿ. ಬೆಳಿಗ್ಗೆ ಅಡಿಯಲ್ಲಿ ಕಡುಹಸಿರು ಗಷ್ಟು ಇಳಿದಿರುತ್ತದೆ, ಮೇಲಿನ ತಿಳಿಯನ್ನು ಬಗ್ಗಿಸಿಬಿಡಿ. ಬಣ್ಣವೆಲ್ಲ ಆ ಗಷ್ಟಿನಲ್ಲಿದೆ, ಹಸಿ ಹುಲ್ಲಿನ ಕಹಿ ಬಹುಪಾಲು ತಿಳಿಯ ಜೊತೆ ಹೋಗುತ್ತದೆ. ಪರಿಮಳಕ್ಕೆ ಇನ್ನೂ ಎರಡು ಎಲೆಯನ್ನು ತೆಂಗಿನ ಹಾಲಿನಲ್ಲಿ ಹಾಕಿ, ಕುದಿಸದೆ ಬೆಚ್ಚಗೆ ಮಾಡಿ, ಮುಚ್ಚಿ ತಣಿಸಿ. ಈ ಘಮ ಜಿಡ್ಡಿಗೆ ಹತ್ತಿಕೊಳ್ಳುತ್ತದೆ. ಬರೀ ನೀರಿನಲ್ಲಿದ್ದರೆ ಶಾಖಕ್ಕೆ ಹಾರಿಹೋಗುತ್ತದೆ.

ತೆಂಗಿನ ಹಾಲು ಒಂದನೇ ಹಾಲೇ ಆಗಬೇಕು. ಬಲಿತ ಕಾಯಿ ತುರಿದು, ತುಸುವೇ ಬಿಸಿನೀರು ಹಾಕಿ ರುಬ್ಬಿ ಹಿಂಡಿದ ಗಟ್ಟಿ ಹಾಲು, ಕಾಲು ಲೀಟರ್. ಎರಡನೇ ಹಾಲನ್ನು ಸಾರಿಗೋ ಪಾಯಸಕ್ಕೋ ಇಟ್ಟುಕೊಳ್ಳಿ. ಪೆಟ್ಟಿಗೆಯ ಹಾಲಿನಿಂದಲೂ ಆಗುತ್ತದೆ, ಆದರೆ ಹಿತ್ತಲಲ್ಲಿ ಕಾಯಿ ಬೀಳುವ ಸದ್ದು ಕೇಳುತ್ತಾ ಪೆಟ್ಟಿಗೆ ಕತ್ತರಿಸುವುದು ನನಗೆ ಒಪ್ಪಿಗೆಯಿಲ್ಲ.

ಹಿಟ್ಟುಗಳ ಅಳತೆ ಬರೆದುಕೊಳ್ಳುವವರು ಈಗ ಬರೆದುಕೊಳ್ಳಿ. ಅಕ್ಕಿಹಿಟ್ಟು 150 ಗ್ರಾಂ, ಬೆಳ್ತಿಗೆಯದು, ಕುಚ್ಚಲಕ್ಕಿಯದಲ್ಲ. ಮರಗೆಣಸಿನ ಹಿಟ್ಟು 60 ಗ್ರಾಂ, ಮೈದಾ 60 ಗ್ರಾಂ, ಸಕ್ಕರೆ 100 ಗ್ರಾಂ, ಬೇಕಿಂಗ್ ಪೌಡರ್ ಎರಡು ಚಹಾ ಚಮಚ, ಉಪ್ಪು ಅರ್ಧ ಚಮಚ. ಎರಡು ಮೊಟ್ಟೆ, ಮೂರು ದೊಡ್ಡ ಚಮಚ ತೆಂಗಿನೆಣ್ಣೆ, ಕಾಲು ಲೀಟರ್ ತೆಂಗಿನ ಹಾಲು, ಹಸಿರು ಗಷ್ಟು. ಎಲ್ಲ ಕಲಸಿ ಅರ್ಧ ಗಂಟೆ ಬಿಡಿ, ಅಕ್ಕಿಹಿಟ್ಟು ನೀರು ಕುಡಿಯಲು ಅಷ್ಟು ಹೊತ್ತು ಬೇಕು. ಹದ ದೋಸೆ ಹಿಟ್ಟಿನಷ್ಟು, ಸೌಟಿನಿಂದ ನಿಧಾನವಾಗಿ ಇಳಿಯಬೇಕು. ಗಟ್ಟಿಯಾದರೆ ಎರಡನೇ ಹಾಲು ಸ್ವಲ್ಪ ಸೇರಿಸಿ.

ಮರಗೆಣಸಿನ ಹಿಟ್ಟು ಪೇಟೆಯಲ್ಲಿ ಸಿಗಲಿಲ್ಲ ಎಂದು ಈ ತಿಂಡಿಯನ್ನೇ ಬಿಡಬೇಕಿಲ್ಲ. ಸಾಬಕ್ಕಿ ಮರಗೆಣಸಿನದೇ, ತಮಿಳುನಾಡಿನ ಸೇಲಂ ಕಡೆಯಿಂದ ಬರುವುದು. ಅದನ್ನು ಒಣಗಿದ್ದ ಹಾಗೆಯೇ ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿದರೆ ಸಾಕು. ಒಂದು ವಿಷಯ ನೆನಪಿಡಿ: ಸಾಬಕ್ಕಿಯ ಕಾಳನ್ನು ಮಾಡುವಾಗಲೇ ಅರೆಬೇಯಿಸಿರುತ್ತಾರೆ, ಹಾಗಾಗಿ ಅದು ಸಾದಾ ಹಿಟ್ಟಿಗಿಂತ ಹೆಚ್ಚು ನೀರು ಎಳೆಯುತ್ತದೆ. ವಾಫಲಿನ ಒಳಗೆ ಆ ಎಳೆದಾಡುವ ಅಂಟು ಕೊಡುವುದು ಮರಗೆಣಸೇ. ಅಕ್ಕಿ ಗರಿಗರಿ ಕೊಡುತ್ತದೆ. ಮೈದಾ ಎರಡನ್ನೂ ಹಿಡಿದು ನಿಲ್ಲಿಸುತ್ತದೆ, ಅಷ್ಟೇ ಅದರ ಕೆಲಸ, ಅದಕ್ಕಿಂತ ಹೆಚ್ಚು ಹಾಕಿದರೆ ಬೇಕರಿಯ ರುಚಿ ಬರುತ್ತದೆ.

ಮೊಟ್ಟೆ ತಿನ್ನದ ಮನೆಗಳಿಗೆ ಒಂದು ದಾರಿ ಮೂಡೆಯ ಕಡೆಯಿಂದಲೇ ಸಿಗುತ್ತದೆ. ಐವತ್ತು ಗ್ರಾಂ ಉದ್ದಿನಬೇಳೆಯನ್ನು ನಾಲ್ಕು ಗಂಟೆ ನೆನೆಸಿ, ತಣ್ಣೀರು ಚಿಮುಕಿಸುತ್ತ, ಬೆಣ್ಣೆಯಷ್ಟು ಹಗುರಾಗುವಂತೆ ರುಬ್ಬಿ. ಉದ್ದಿನಲ್ಲಿರುವ ಪ್ರೋಟೀನು ಮತ್ತು ಲೋಳೆ ಸೇರಿ ಗಾಳಿಯ ಗುಳ್ಳೆಗಳನ್ನು ಹಿಡಿದಿಡುತ್ತವೆ, ನಮ್ಮ ಇಡ್ಲಿ ಉಬ್ಬುವುದರಲ್ಲೂ ಅದರದೇ ಪಾಲಿದೆ. ಮೊಟ್ಟೆಯ ಜಾಗಕ್ಕೆ ಇದನ್ನು ಸೇರಿಸಿ, ಎಣ್ಣೆ ಒಂದು ಚಮಚ ಜಾಸ್ತಿ ಮಾಡಿ. ನನ್ನ ಅಭಿಪ್ರಾಯ ಕೇಳಿದರೆ ಉದ್ದಿನ ವಾಫಲಿಗೆ ಮೊಟ್ಟೆಯದಕ್ಕಿಂತ ಹೊರಮೈ ಹೆಚ್ಚು ಗರಿ. ಆದರೆ ನೆನಪಿರಲಿ, ಇದನ್ನು ಹುಳಿ ಬರಿಸಬೇಡಿ. ರಾತ್ರಿ ಹುದುಗಿಟ್ಟು ಬೆಳಿಗ್ಗೆ ನೋಡಿದರೆ ಹಸಿರು ಹೋಗಿ ಒಣ ಪಾಚಿಯ ಬಣ್ಣ ಬಂದಿರುತ್ತದೆ. ಎಲೆಯ ಹಸಿರಿನ ನಡುವೆ ಒಂದು ಮೆಗ್ನೀಸಿಯಂ ಪರಮಾಣು ಕೂತಿರುತ್ತದೆ. ಹುಳಿ ತಗುಲಿದರೆ, ಅದರ ಮೇಲೆ ಶಾಖವೂ ಬಿದ್ದರೆ, ಅದು ಕಳಚಿಕೊಳ್ಳುತ್ತದೆ, ಆಗ ಹಸಿರು ಕಂದಿಹೋಗುತ್ತದೆ. ಬಸಳೆ, ಹರಿವೆ ಹುಳಿಗೆ ಬಿದ್ದಾಗ ಬಣ್ಣಗೆಡುವುದೂ ಇದೇ ಕಾರಣಕ್ಕೆ. ಬಣ್ಣ ಉಳಿಸಲು ಅಡುಗೆ ಸೋಡ ಹಾಕುವವರಿದ್ದಾರೆ. ಚಿಟಿಕೆ ಮೀರಿದರೆ ಸಾಬೂನಿನ ರುಚಿ, ಅದಕ್ಕಿಂತ ಕಂದಿದ ಹಸಿರೇ ವಾಸಿ.

ಬೆಲ್ಲ ಹಾಕಬಹುದೇ ಎಂಬ ಪ್ರಶ್ನೆ ಕುಂದಾಪುರದ ಯಾವ ಅಡುಗೆಮನೆಯಲ್ಲೂ ಬಂದೇ ಬರುತ್ತದೆ. ಹಾಕಬಹುದು. ಹಸಿರು ಬಣ್ಣ ಕಾಣುವುದಿಲ್ಲ, ಬೇಗ ಕಂದುತ್ತದೆ, ಆದ್ದರಿಂದ ಉರಿ ಸ್ವಲ್ಪ ಕಡಿಮೆ ಇರಲಿ. ರುಚಿಯಲ್ಲಿ ಬೆಲ್ಲದ್ದೇ ಗೆಲ್ಲುತ್ತದೆ ಎಂದು ನಾನು ಹೇಳುತ್ತೇನೆ. ತೆಂಗಿನ ಹಾಲು, ಬೆಲ್ಲ, ಪರಿಮಳದ ಎಲೆ ಒಟ್ಟು ಸೇರಿದಾಗ ಬಣ್ಣದ ಚಿಂತೆ ಯಾರಿಗೆ ಬೇಕು? ಆದರೆ ಮೊದಲ ಸಲ ಮಾಡುವವರು ಸಕ್ಕರೆಯಲ್ಲೇ ಮಾಡಿ. ಮನೆಯ ಮಕ್ಕಳಿಗೆ ಹಸಿರು ಕಾಣಬೇಕು, ಇಲ್ಲದಿದ್ದರೆ ಅವರ ಲೆಕ್ಕದಲ್ಲಿ ಇದೂ ಒಂದು ದೋಸೆ.

ಇನ್ನು ಯಂತ್ರ. ವಿದ್ಯುತ್ತಿನದಾದರೂ ಸರಿ, ಗ್ಯಾಸಿನ ಮೇಲೆ ತಿರುಗಿಸುವ ಎರಕದ್ದಾದರೂ ಸರಿ. ಗುಳಿ ಆಳವಿಲ್ಲದ್ದನ್ನೇ ಆರಿಸಿ, ಅಕ್ಕಿಯ ಹಿಟ್ಟು ಆಳದ ಗುಳಿಯಲ್ಲಿ ಒಳಗೆ ಬೇಯುವಷ್ಟರಲ್ಲಿ ಹೊರಗೆ ಸೀದಿರುತ್ತದೆ. ಕಾದ ಹಲಗೆಗೆ ತೆಂಗಿನೆಣ್ಣೆ ತೆಳ್ಳಗೆ ಸವರಿ. ಬೆಣ್ಣೆ ಬೇಡ, ಅದರಲ್ಲಿರುವ ಹಾಲಿನ ಅಂಶ ಸುಟ್ಟು ಹಿಡಿಯುತ್ತದೆ. ಹಿಟ್ಟು ಹೊಯ್ದು ಮುಚ್ಚಿದ ಮೇಲೆ ಬದಿಗಳಿಂದ ಹಬೆ ಬುಸ್ಸೆಂದು ಬರುತ್ತದೆ. ಆ ಹಬೆ ಇಳಿಯುವವರೆಗೆ ಮುಚ್ಚಳ ಎತ್ತಕೂಡದು. ನಾಲ್ಕೈದು ನಿಮಿಷ ಬೇಕು. ನಡುವೆ ಇಣುಕಿದರೆ ವಾಫಲ್ ಎರಡು ಹೋಳಾಗಿ ಒಂದು ಮೇಲಿನ ಹಲಗೆಗೆ, ಇನ್ನೊಂದು ಕೆಳಗಿನದಕ್ಕೆ ಅಂಟಿಕೊಳ್ಳುತ್ತದೆ. ಹಬೆ ನಿಂತಿತೆಂದರೆ ಹೊರಮೈಯ ನೀರು ಹೋಗಿದೆ, ಇನ್ನು ಕಂದು ಹಿಡಿಯಬಹುದು ಎಂದರ್ಥ. ಮೊದಲೇ ಹೇಳಿದೆನಲ್ಲ, ಬ್ರೆಡ್ಡಿನ ಸಿಪ್ಪೆಯಲ್ಲೂ ಅದೇ ಘಮವಿದೆ ಎಂದು. ಹಿಟ್ಟಿನ ಪ್ರೋಟೀನು, ಸಕ್ಕರೆ ಸೇರಿ ಕಂದುವಾಗ ಅದೇ ವಸ್ತು ಹೊಸದಾಗಿ ಹುಟ್ಟುತ್ತದೆ. ಶಾಖಕ್ಕೆ ಎಲೆಯ ಘಮ ಒಂದಿಷ್ಟು ಹಾರಿಹೋದರೂ ಅಂಚಿನ ಕಂದು ಅದರಲ್ಲಿ ಸ್ವಲ್ಪವನ್ನು ಮರಳಿಸುತ್ತದೆ. ತೀರಾ ತೆಳುಹಸಿರಾಗಿ ತೆಗೆದ ವಾಫಲ್ ಕಣ್ಣಿಗೆ ಚೆಂದ, ಮೂಗಿಗೆ ಸಪ್ಪೆ.

ತೆಗೆದದ್ದನ್ನು ಸಪಾಟು ತಟ್ಟೆಗೆ ಹಾಕಬೇಡಿ. ಅಡಿಯಲ್ಲಿ ಬೆವರಿ ಮೆತ್ತಗಾಗುತ್ತದೆ. ತಂತಿಯ ಜಾಲರಿಯ ಮೇಲೋ ಬಿದಿರಿನ ತಟ್ಟೆಯ ಮೇಲೋ ಇಡಿ. ಕಡಲ ಬದಿಯವರಿಗೆ ಇದೊಂದು ಕಷ್ಟ ಇದ್ದೇ ಇದೆ: ಆಷಾಢದಲ್ಲಿ, ಮರವಂತೆಯ ವರಾಹ ಮಹಾರಾಜಸ್ವಾಮಿ ದೇವಸ್ಥಾನದಲ್ಲಿ ಕರ್ಕಾಟಕ ಅಮಾವಾಸ್ಯೆಯ ಜಾತ್ರೆ ನಡೆಯುವ ಹೊತ್ತಿಗೆ, ಗಾಳಿಯಲ್ಲೇ ಅಷ್ಟು ನೀರಿರುತ್ತದೆ ಎಂದರೆ ಹಪ್ಪಳವೂ ಹತ್ತು ನಿಮಿಷದಲ್ಲಿ ಸೋಲುತ್ತದೆ. ಆ ದಿನಗಳಲ್ಲಿ ಒಬ್ಬರು ಸುಡುತ್ತಿರಬೇಕು, ಉಳಿದವರು ಅಲ್ಲೇ ನಿಂತು ತಿನ್ನುತ್ತಿರಬೇಕು. ವಿಯೆಟ್ನಾಮಿನ ಬೀದಿಯಲ್ಲೂ ಕಾಗದದಲ್ಲಿ ಮಡಚಿ ಬಿಸಿಬಿಸಿ ಕೈಗೆ ಕೊಡುವುದೇ ಕ್ರಮ. ಮೇಲೆ ಜೇನು, ಚಾಕೊಲೇಟು, ಐಸ್‌ಕ್ರೀಮು ಎಂದು ಪೇಟೆಯ ಅಂಗಡಿಗಳು ಪೇರಿಸುತ್ತವೆ. ತೆಂಗಿನ ಹಾಲು ಒಳಗಿರುವಾಗ ಅದು ಯಾವುದೂ ಬೇಡ. ತೀರಾ ಬೇಕಾದರೆ ಕಾಯಿತುರಿ, ಎಳ್ಳು ಉದುರಿಸಿಕೊಳ್ಳಿ.

ಒಂದು ವಸ್ತುವಿನ ಬಗ್ಗೆ ಮಾತ್ರ ನಾನು ಕಟ್ಟುನಿಟ್ಟು. ಪಾಂಡನ್ ಎಸೆನ್ಸ್ ಎಂಬ ಹಸಿರು ಸೀಸೆಗಳು ಪೇಟೆಯಲ್ಲೂ ಆನ್‌ಲೈನಿನಲ್ಲೂ ಸಿಗುತ್ತವೆ. ಅವುಗಳಲ್ಲಿ ಅನೇಕದರ ಹಸಿರು ಟಾರ್ಟ್ರಜಿನ್ ಎಂಬ ಹಳದಿ ಮತ್ತು ಬ್ರಿಲಿಯಂಟ್ ಬ್ಲೂ ಎಂಬ ನೀಲಿ ಸೇರಿ ಆದದ್ದು, ಚೀಟಿ ಓದಿದರೆ ಗೊತ್ತಾಗುತ್ತದೆ. ಗಿಡ ಸಿಗದ ಊರಿನಲ್ಲಿ, ಚಳಿದೇಶದಲ್ಲಿರುವ ನಮ್ಮ ಮಕ್ಕಳು ಅದನ್ನು ತಂದರೆ ನನ್ನ ತಕರಾರಿಲ್ಲ. ಆದರೆ ನಾವುಂದ, ಉಪ್ಪುಂದ, ಹೆಮ್ಮಾಡಿಯಲ್ಲಿ ಕೂತು, ಬಚ್ಚಲ ನೀರು ಹರಿಯುವ ಕಡೆ ಯಾರ ಆರೈಕೆಯೂ ಇಲ್ಲದೆ ಬೆಳೆಯುವ ಗಿಡವನ್ನು ಬಿಟ್ಟು ಸೀಸೆ ತರಿಸುವವರ ಬುದ್ಧಿಗೆ ಏನು ಹೇಳುವುದು!

ಬಾಸ್ಮತಿ ಎಲೆಯ ಗಿಡ ಹೂ ಬಿಡುವುದು ಅಪರೂಪದಲ್ಲಿ ಅಪರೂಪ. ಬೀಜದಿಂದ ಅದು ಹರಡುವುದಿಲ್ಲ, ಕಾಡಿನಲ್ಲಿ ತಾನಾಗಿ ಬೆಳೆಯುವುದೂ ಇಲ್ಲ. ಇಂಡೋನೇಷ್ಯಾದ ಮಲುಕು ದ್ವೀಪಗಳು ಅದರ ತವರು ಇರಬೇಕೆಂದು ಸಸ್ಯಶಾಸ್ತ್ರದವರು ಎಣಿಸುತ್ತಾರೆ. ಅಂದರೆ ನಮ್ಮ ಕರಾವಳಿಯ ಯಾವ ಹಿತ್ತಲಲ್ಲಿ ಈ ಗಿಡವಿದ್ದರೂ ಅದು ಯಾರೋ ಒಬ್ಬರು ಇನ್ನೊಬ್ಬರಿಗೆ ಕಿತ್ತುಕೊಟ್ಟ ಮರಿಯಿಂದ ಬಂದದ್ದು. ಮುಂಡಕದ ಮೆಳೆಗಳು ಹೊಳೆಯಂಚಿನಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಅಷ್ಟಮಿಗೆ ಎಲೆ ಹುಡುಕುವವರಿಗೆ ಅದು ಗೊತ್ತು. ಅದರ ನೆಂಟನಿಗಾದರೂ ನಮ್ಮ ಹಿತ್ತಲಲ್ಲಿ ಜಾಗ ಬೇಕು.

ನಿಮ್ಮ ಮನೆಯಲ್ಲಿ ಗಿಡವಿಲ್ಲದಿದ್ದರೆ ನೆರೆಮನೆಯಲ್ಲಿ ಕೇಳಿ, ಇದ್ದರೆ ಕೇಳುವ ಮೊದಲೇ ಕೊಡಿ. ಬುಡದಲ್ಲಿ ಬೇರು ಇಳಿಬಿಟ್ಟ ಮರಿಯನ್ನು ಬಗ್ಗಿಸಿ ಮುರಿದು, ಮಳೆ ಹಿಡಿದ ಮೊದಲ ವಾರದಲ್ಲಿ ಬಾವಿಕಟ್ಟೆಯ ಬದಿಗೋ ಬಚ್ಚಲ ಹಿಂದಕ್ಕೋ ಅರೆನೆರಳಿನಲ್ಲಿ ಊರಿ. ಉಪ್ಪುನೀರು ನುಗ್ಗುವ ಕಡೆ ಬೇಡ. ಬೇಸಿಗೆಯಲ್ಲಿ ಬುಡ ಒಣಗದ ಹಾಗೆ ನೋಡಿಕೊಳ್ಳಿ. ಗಿಡ ಚೆನ್ನಾಗಿ ಕಚ್ಚಿ ತೆಂಡೆಯೊಡೆಯುವವರೆಗೆ ಎಲೆ ಕೊಯ್ಯಬೇಡಿ, ಆಮೇಲೆ ಕೊಯ್ದಷ್ಟೂ ಬರುತ್ತದೆ. ಹೆಚ್ಚಾದ ಎಲೆಯನ್ನು ಒಣಗಿಸಿದರೆ ಘಮ ಹೋಗುತ್ತದೆ, ಹಸಿಯಾಗಿಯೇ ಕಟ್ಟಿ ಫ್ರೀಜರಿನಲ್ಲಿಡಿ.